ಕಾಯಿಲೆ ಬಿದ್ದ ರಾಸಿಗೆ ಔಷಧಿ: ಸಿರಿಂಜ್ ತುಂಬುವ ಮೊದಲು ನೋಡಬೇಕಾದ್ದು

ಬಾಟಲಿಯ ಮೇಲೆ ಅಚ್ಚಾಗಿರುವ ಡೋಸ್ ಬಹುಪಾಲು ಆರೋಗ್ಯವಾಗಿರುವ ಪ್ರಾಣಿಗಳಲ್ಲಿ ಅಳೆದು ಗೊತ್ತುಮಾಡಿದ್ದು. ನಾವು ಸೂಜಿ ಚುಚ್ಚುವ ರಾಸು ಹಾಗಿರುವುದಿಲ್ಲ. ಅದು ಮೇವು ಬಿಟ್ಟಿರುತ್ತದೆ, ಮೆಲುಕು ನಿಂತಿರುತ್ತದೆ, ಬೇಧಿಯಾಗಿ ನೀರು ಬತ್ತಿರುತ್ತದೆ, ಇಲ್ಲವೇ ಉಣ್ಣೆ ಜ್ವರದಿಂದ ರಕ್ತ ಇಳಿದಿರುತ್ತದೆ. ಅಂಥ ಮೈಯಲ್ಲಿ ಅದೇ ಔಷಧಿ, ಅದೇ ಪ್ರಮಾಣದಲ್ಲಿ ಬೇರೆಯೇ ರೀತಿ ವರ್ತಿಸುತ್ತದೆ. ಒಮ್ಮೆ ಕೆಲಸವನ್ನೇ ಮಾಡುವುದಿಲ್ಲ, ಇನ್ನೊಮ್ಮೆ ವಿಷವಾಗುತ್ತದೆ. ಎರಡಕ್ಕೂ ಕಾರಣಗಳಿವೆ, ಮತ್ತು ಬಹಳಷ್ಟನ್ನು ಕೊಟ್ಟಿಗೆಯಲ್ಲೇ ಗುರುತಿಸಬಹುದು.

ಇದು ಪಶುವೈದ್ಯರಿಗೆ, ಇಂಟರ್ನ್‌ಶಿಪ್ ಮಾಡುತ್ತಿರುವವರಿಗೆ, ಪಶು ಆಸ್ಪತ್ರೆಯ ಸಿಬ್ಬಂದಿಗೆ ಬರೆದದ್ದು. ಜಾನುವಾರು ಸಾಕುವವರು ಓದಿದರೆ ವೈದ್ಯರಿಗೆ ಯಾವ ವಿಷಯ ಮುಚ್ಚಿಡದೆ ಹೇಳಬೇಕು ಎಂಬುದು ತಿಳಿಯುತ್ತದೆ. ಔಷಧಿ ಅಂಗಡಿಯಿಂದ ತಂದು ತಾವೇ ಚುಚ್ಚಲು ಇದನ್ನು ಬಳಸಬೇಡಿ.

ತೂಕ ತಪ್ಪಿದರೆ ಮುಂದಿನದೆಲ್ಲ ತಪ್ಪು

ಕಣ್ಣಂದಾಜು ಸಾಲದು. ಒಂದು ಟೇಪ್ ಜೇಬಲ್ಲಿರಲಿ. ಮುಂಗಾಲಿನ ಹಿಂದೆ ಎದೆಯ ಸುತ್ತಳತೆ, ಭುಜದ ಮೂಳೆಯ ತುದಿಯಿಂದ ಪಿರ್ರೆಯ ಮೂಳೆಯವರೆಗಿನ ಉದ್ದ, ಎರಡನ್ನೂ ಇಂಚಿನಲ್ಲಿ ತೆಗೆದುಕೊಳ್ಳಿ. ಸುತ್ತಳತೆಯನ್ನು ಸುತ್ತಳತೆಯಿಂದಲೇ ಗುಣಿಸಿ, ಬಂದದ್ದನ್ನು ಉದ್ದದಿಂದ ಗುಣಿಸಿ, 660ರಿಂದ ಭಾಗಿಸಿದರೆ ಕೆ.ಜಿ. ಸಿಗುತ್ತದೆ. ಸುತ್ತಳತೆ 66 ಇಂಚು, ಉದ್ದ 56 ಇಂಚು ಇರುವ ಮಿಶ್ರತಳಿ ಹಸು ಸುಮಾರು 370 ಕೆ.ಜಿ. ಇಂಥ ಹಸುವನ್ನು 450 ಕೆ.ಜಿ. ಎಂದುಕೊಂಡರೆ, ಕೆ.ಜಿ.ಗೆ 0.5 ಮಿ.ಗ್ರಾಂ ಮೆಲಾಕ್ಸಿಕ್ಯಾಮ್ (ನೋವು ನಿವಾರಕ) ಲೆಕ್ಕದಲ್ಲಿ 185 ಮಿ.ಗ್ರಾಂ ಬದಲು 225 ಮಿ.ಗ್ರಾಂ ಹೋಗುತ್ತದೆ. ಗಟ್ಟಿಮುಟ್ಟಾದ ಹಸು ಅದನ್ನು ತಡೆದುಕೊಳ್ಳುತ್ತದೆ, ನೀರು ಬತ್ತಿದ್ದು ತಡೆಯದಿರಬಹುದು. ಮೆಲಾಕ್ಸಿಕ್ಯಾಮ್ ಮಿ.ಲೀ.ಗೆ 5 ಮಿ.ಗ್ರಾಂ ಇರುವುದೂ ಸಿಗುತ್ತದೆ, 20 ಮಿ.ಗ್ರಾಂ ಇರುವುದೂ ಸಿಗುತ್ತದೆ. ಆದ್ದರಿಂದ ಲೆಕ್ಕವನ್ನು ಮೊದಲು ಮಿ.ಗ್ರಾಂನಲ್ಲೇ ಮುಗಿಸಿ, ಮಿ.ಲೀ.ಗೆ ಆಮೇಲೆ ಬನ್ನಿ.

ಟೇಪ್ ಕೊಡುವ ತೂಕವೆಲ್ಲ ಮಾಂಸವಲ್ಲ. ಹೊಟ್ಟೆಯಲ್ಲಿ ನೀರು ತುಂಬಿದ ನಾಯಿ, ತುಂಬು ಗಬ್ಬದ ಹಸು, ಗದ್ದ ಊದಿದ ಕುರಿ ಇವುಗಳ ತೂಕದಲ್ಲಿ ಔಷಧಿ ಹರಡದ, ಅಥವಾ ನಿಧಾನವಾಗಿ ಹರಡುವ ಪಾಲು ದೊಡ್ಡದು. ಬೊಜ್ಜು ಬೆಳೆದ ಲ್ಯಾಬ್ರಡಾರ್‌ಗೆ ಜೆಂಟಾಮೈಸಿನ್‌ನಂಥ ನೀರಿನಲ್ಲಿ ಕರಗುವ ಆಂಟಿಬಯಾಟಿಕ್ ಕೊಡುವಾಗ ಅದು ಇರಬೇಕಾದ ತೂಕಕ್ಕೆ ಲೆಕ್ಕ ಹಾಕಬೇಕು. ಆ ಔಷಧಿ ಕೊಬ್ಬಿನೊಳಗೆ ಹೋಗುವುದಿಲ್ಲ.

ನೀರು ಬತ್ತಿದ ಕರು

ಎಲ್ಲಕ್ಕಿಂತ ಹೆಚ್ಚು ತಪ್ಪಾಗುವ ಜಾಗ ಇದು, ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲೋಣ.

ಬೇಧಿಯಾಗಿ ಮಲಗಿದ, 35 ಕೆ.ಜಿ.ಯ ಕರು ಮುಂದಿದೆ ಎಂದುಕೊಳ್ಳಿ. ಕುತ್ತಿಗೆಯ ಚರ್ಮ ಚಿವುಟಿ, ಎತ್ತಿ ಬಿಡಿ. ಎರಡು ಸೆಕೆಂಡಿನೊಳಗೆ ಕೂತರೆ ಸರಿ. ಆರು ಸೆಕೆಂಡಾದರೂ ಡೇರೆಯಂತೆ ನಿಂತಿದ್ದರೆ, ಕೆಳರೆಪ್ಪೆ ಎಳೆದಾಗ ಕಣ್ಣುಗುಡ್ಡೆಗೂ ರೆಪ್ಪೆಗೂ ನಡುವೆ 4 ಮಿ.ಮೀ. ಅಥವಾ ಹೆಚ್ಚು ಸಂದಿದ್ದರೆ ಮೈಯ ತೂಕದ ಶೇ 8ರಷ್ಟು ನೀರು ಹೋಗಿದೆ ಎಂದು ಹಿಡಿಯಬಹುದು. ಈಗ ಕಿವಿ, ಗೊರಸಿನ ಮೇಲ್ಭಾಗ ಮುಟ್ಟಿ. ತಣ್ಣಗಿದ್ದರೆ ರಕ್ತ ಚರ್ಮವನ್ನೂ ಕಾಲುಗಳನ್ನೂ ಬಿಟ್ಟು ಹೃದಯ, ಮಿದುಳಿನ ಕಡೆ ಸರಿದಿದೆ. ಬಾಯೊಳಗೆ ಬೆರಳಿಟ್ಟರೆ ಚೀಪುವುದಿಲ್ಲ ಎಂದಾದರೆ ಬಾಯಿಂದ ಏನೂ ಹಾಕುವಂತಿಲ್ಲ, ಹಾಕಿದ್ದು ಶ್ವಾಸಕೋಶಕ್ಕೆ ಇಳಿಯುತ್ತದೆ.

ಈ ಸ್ಥಿತಿಯಲ್ಲಿ ಚರ್ಮದಡಿಗೆ ಕೊಟ್ಟ ಔಷಧಿ ಕೊಟ್ಟಲ್ಲೇ ಕೂತಿರುತ್ತದೆ. ಅದನ್ನು ಹೊತ್ತೊಯ್ಯಲು ಅಲ್ಲಿ ರಕ್ತವೇ ಹರಿಯುತ್ತಿಲ್ಲ. ಮಾಂಸಖಂಡದ ಇಂಜೆಕ್ಷನ್‌ದೂ ಹೆಚ್ಚುಕಡಿಮೆ ಅದೇ ಕಥೆ. ಔಷಧಿ ಹಿಡಿಯಲಿಲ್ಲವೆಂದು ಎರಡು ಗಂಟೆ ಬಿಟ್ಟು ಇನ್ನೊಂದು ಡೋಸ್ ಹಾಕುತ್ತಾರೆ. ಸಂಜೆ ಸಲೈನ್ ಹೋಗಿ ರಕ್ತಸಂಚಾರ ಮರಳಿದಾಗ ಎರಡೂ ಡೋಸ್ ಒಟ್ಟಿಗೆ ರಕ್ತಕ್ಕೆ ಇಳಿಯುತ್ತವೆ. ತಂಪು ಮೈಯ ರಾಸಿಗೆ ಕೊಡಲೇಬೇಕಾದ ಔಷಧಿಯಿದ್ದರೆ ರಕ್ತನಾಳವೊಂದೇ ದಾರಿ, ಆ ದಾರಿಗೆ ಒಪ್ಪುವ ತಯಾರಿಕೆಯನ್ನೇ ಆರಿಸಬೇಕು. ಲಾಂಗ್ ಆಕ್ಟಿಂಗ್ ಮತ್ತು ಎಣ್ಣೆ ಬೆರೆತ ತಯಾರಿಕೆಗಳು ರಕ್ತನಾಳಕ್ಕೆ ಖಂಡಿತ ಬೇಡ.

ಕೆಲಸದ ಕ್ರಮ ಹೀಗಿರಲಿ:

1. ಕೊರತೆ ಲೆಕ್ಕ ಹಾಕಿ. 35 ಕೆ.ಜಿ.ಯ ಶೇ 8 ಅಂದರೆ 2.8 ಲೀಟರ್. ದಿನದ ಅಗತ್ಯ, ಬೇಧಿಯಲ್ಲಿ ಇನ್ನೂ ಹೋಗುತ್ತಿರುವುದು ಇದರ ಮೇಲೆ ಬೇರೆ.
2. ಮೈಬಿಸಿಗೆ ತಂದ ರಿಂಗರ್ ಲ್ಯಾಕ್ಟೇಟ್ ಅಥವಾ ನಾರ್ಮಲ್ ಸಲೈನ್, ಮೊದಲ ಗಂಟೆಯಲ್ಲಿ ಸುಮಾರು 1 ಲೀಟರ್ ರಕ್ತನಾಳಕ್ಕೆ.
3. ಕಿವಿ ಬೆಚ್ಚಗಾಗಿ, ಕರು ಮೂತ್ರ ಮಾಡುವವರೆಗೆ ನೋವು ನಿವಾರಕ, ಜೆಂಟಾಮೈಸಿನ್, ಸಲ್ಫಾ ಯಾವುದನ್ನೂ ಮುಟ್ಟಬೇಡಿ.
4. ಮೂತ್ರ ಬಂದ ಮೇಲೆ ಮೆಲಾಕ್ಸಿಕ್ಯಾಮ್. ಚೀಪುವ ಶಕ್ತಿ ಬಂದ ಮೇಲೆ ಬಾಯಿಂದ ಓಆರ್‌ಎಸ್.

ಮೂರನೆಯ ಹೆಜ್ಜೆಯನ್ನೇ ಎಲ್ಲರೂ ದಾಟಿಬಿಡುವುದು. ಜ್ವರವಿದೆ, ನೋವಿದೆ, ಒಂದು ಇಂಜೆಕ್ಷನ್ ಹಾಕಿ ಎಂದು ಮನೆಯವರ ಒತ್ತಾಯವೂ ಇರುತ್ತದೆ. ಆದರೆ ರಕ್ತದೊತ್ತಡ ಬಿದ್ದಾಗ ಮೂತ್ರಪಿಂಡ ತನ್ನ ರಕ್ತನಾಳಗಳನ್ನು ತೆರೆದಿಟ್ಟುಕೊಳ್ಳುವುದು ಪ್ರೋಸ್ಟಗ್ಲಾಂಡಿನ್ ಎಂಬ, ಮೈಯೇ ತಯಾರಿಸುವ ರಾಸಾಯನಿಕಗಳ ನೆರವಿನಿಂದ. ನೋವು ನಿವಾರಕ ತಡೆಯುವುದು ಅವನ್ನೇ. ನೀರಿರುವ ಕರುವಿಗೆ ಏನೂ ಆಗದ ಅದೇ ಡೋಸ್, ನೀರಿಲ್ಲದ ಕರುವಿನ ಮೂತ್ರಪಿಂಡದ ಒಳಪದರವನ್ನು ಕೊಳೆಸಿಬಿಡಬಹುದು. ಅದರ ಜೊತೆಗೆ ಜೆಂಟಾಮೈಸಿನ್ ಸೇರಿದರೆ ಕೆಡುಕು ಎರಡು ಪಟ್ಟು. ಆಕ್ಸಿಟೆಟ್ರಾಸೈಕ್ಲಿನ್ ಎಂಬ ಆಂಟಿಬಯಾಟಿಕ್ ಕೂಡ ಬತ್ತಿದ ಮೈಯಲ್ಲಿ ಮೂತ್ರಪಿಂಡಕ್ಕೆ ಕೆಟ್ಟದ್ದು, ಸಲ್ಫಾ ಹರಳುಗಟ್ಟುತ್ತದೆ.

ಮೂತ್ರಪಿಂಡ ಸೋತಿದೆಯೋ, ನೀರು ಮಾತ್ರ ಕಡಿಮೆಯೋ

ರಕ್ತದಲ್ಲಿ ಕ್ರಿಯಾಟಿನಿನ್ (ಮೂತ್ರಪಿಂಡ ಹೊರಹಾಕಬೇಕಾದ ಕಸ) ಏರಿದ್ದನ್ನು ನೋಡಿದ ಕೂಡಲೇ ಮೂತ್ರಪಿಂಡ ಹೋಯಿತು ಎನ್ನಬೇಡಿ. ಸಲೈನ್ ಹಾಕುವ ಮೊದಲೇ ಹಿಡಿದ ಮೂತ್ರದ ಸಾಂದ್ರತೆ ನೋಡಿ. ರಾಸುಗಳಲ್ಲಿ ಅದು 1.025 ದಾಟಿದ್ದರೆ ಮೂತ್ರಪಿಂಡ ಇನ್ನೂ ನೀರು ಹಿಡಿಯುತ್ತಿದೆ, ಕೊರತೆ ತುಂಬಿದರೆ ಕ್ರಿಯಾಟಿನಿನ್ ಇಳಿಯುತ್ತದೆ. ಮೈ ಬತ್ತಿದ್ದರೂ ಸಾಂದ್ರತೆ 1.008ರಿಂದ 1.012ರ ನಡುವೆಯೇ ನಿಂತಿದ್ದರೆ ಮೂತ್ರಪಿಂಡವೇ ಸೋತಿದೆ. ಇದನ್ನು ಅಳೆಯುವ ರಿಫ್ರ್ಯಾಕ್ಟೋಮೀಟರ್ ದುಬಾರಿ ಸಾಧನವಲ್ಲ, ಪ್ರತಿ ಆಸ್ಪತ್ರೆಯಲ್ಲೂ ಇರಲೇಬೇಕು.

ಸೋತ ಮೂತ್ರಪಿಂಡದ ನಾಯಿಗೆ ಮೂತ್ರದ ದಾರಿಯಲ್ಲೇ ಹೊರಹೋಗುವ ಔಷಧಿ ಕೊಡುವಾಗ ಮೊದಲ ಡೋಸ್ ಪೂರ್ತಿ ಕೊಡಿ, ಆಮೇಲಿನ ಅಂತರ ಹಿಗ್ಗಿಸಿ. ಒರಟು ಲೆಕ್ಕ ಹೀಗೆ: ನಾಯಿಯ ಕ್ರಿಯಾಟಿನಿನ್ ಅನ್ನು ಸಾಮಾನ್ಯ ಮಟ್ಟದಿಂದ ಭಾಗಿಸಿ, ಬಂದ ಸಂಖ್ಯೆಯಿಂದ ಅಂತರವನ್ನು ಗುಣಿಸಿ. ಸಾಮಾನ್ಯ 1, ಈಗ 2 (ಡೆಸಿಲೀಟರ್‌ಗೆ ಮಿ.ಗ್ರಾಂನಲ್ಲಿ) ಇದ್ದರೆ 12 ಗಂಟೆಗೊಮ್ಮೆ ಕೊಡುವುದು 24 ಗಂಟೆಗೊಮ್ಮೆ ಆಗುತ್ತದೆ. ಕ್ರಿಯಾಟಿನಿನ್ 4 ದಾಟಿದ ಮೇಲೆ ಈ ಲೆಕ್ಕವನ್ನು ನಂಬಬೇಡಿ, ಔಷಧಿಯನ್ನೇ ಬದಲಿಸಿ. ಉಣ್ಣೆಯಿಂದ ಬರುವ ಎರ್ಲಿಕಿಯೋಸಿಸ್‌ನಲ್ಲಿ ಮೂತ್ರಪಿಂಡ ಕೆಟ್ಟ ನಾಯಿಗಳು ಬಹಳ. ಅದೃಷ್ಟಕ್ಕೆ ಅಲ್ಲಿ ಬೇಕಾದ ಡಾಕ್ಸಿಸೈಕ್ಲಿನ್ ಹೆಚ್ಚಾಗಿ ಕರುಳಿನ ಮೂಲಕ ಹೊರಹೋಗುತ್ತದೆ. ಕೆ.ಜಿ.ಗೆ ದಿನಕ್ಕೆ 10 ಮಿ.ಗ್ರಾಂನಂತೆ 28 ದಿನದ ಕೋರ್ಸನ್ನು ಕಡಿಮೆ ಮಾಡದೆ ನಡೆಸಬಹುದು. ಅದೇ ಗುಂಪಿನ ಆಕ್ಸಿಟೆಟ್ರಾಸೈಕ್ಲಿನ್ ಅಲ್ಲಿ ಬೇಡ.

ಹಾಲು ಕೊಡುವ ಹಸುವಿಗೆ ಜೆಂಟಾಮೈಸಿನ್ ಇಂಜೆಕ್ಷನ್ ಹಾಕದಿರುವುದೇ ಲೇಸು. ಅದು ಮೂತ್ರಪಿಂಡದಲ್ಲಿ ಒಂದು ವರ್ಷಕ್ಕೂ ಮೀರಿ ಉಳಿಯುತ್ತದೆ.

ರಕ್ತದ ಪ್ರೋಟೀನ್, ಯಕೃತ್ತು

ಕುರಿಯ ಗದ್ದದ ಕೆಳಗೆ ಮೆತ್ತಗೆ ನೀರು ಜೋತಿದೆ, ಕಣ್ಣಿನ ಒಳರೆಪ್ಪೆ ಬಿಳಿಚಿದೆ ಎಂದರೆ ರಕ್ತ ಹೀರುವ ಹೆಮಾಂಕಸ್ ಹುಳುವೋ ಯಕೃತ್ ಹುಳುವೋ ರಕ್ತದ ಪ್ರೋಟೀನಾದ ಆಲ್ಬುಮಿನ್ ಅನ್ನು ಇಳಿಸಿದೆ. ಮಲೆನಾಡಿನ ಗದ್ದೆಬಯಲು, ಕೆರೆಯಂಚಿನ ಹುಲ್ಲುಗಾವಲಲ್ಲಿ ಮೇಯುವ ಹಿಂಡಿನಲ್ಲಿ ಇದು ಮಾಮೂಲಿ. ಹುಳುವಿನ ಔಷಧಿಗಳಾದ ಕ್ಲೋಸಾಂಟೆಲ್, ರಾಫೋಕ್ಸನೈಡ್, ನೋವಿನ ಮೆಲಾಕ್ಸಿಕ್ಯಾಮ್, ಮತ್ತಿನ ಥಯೋಪೆಂಟೋನ್ ಇವೆಲ್ಲ ರಕ್ತದಲ್ಲಿ ಆಲ್ಬುಮಿನ್‌ಗೆ ಅಂಟಿಕೊಂಡೇ ಓಡಾಡುವಂಥವು. ಅಂಟದೆ ಬಿಡಿಯಾಗಿ ಉಳಿದ ಚಿಕ್ಕ ಪಾಲೇ ಕೆಲಸ ಮಾಡುವುದು. ಆಲ್ಬುಮಿನ್ ಇಳಿದಾಗ ಬಿಡಿ ಪಾಲು ಏರುತ್ತದೆ. ನಿಧಾನವಾಗಿ ಹೀರಿಕೊಳ್ಳುವ ಔಷಧಿಯಾದರೆ ಆ ಬಿಡಿ ಪಾಲು ಯಕೃತ್ತಿಗೂ ಬೇಗ ಸಿಕ್ಕಿ ಲೆಕ್ಕ ಒಂದಷ್ಟು ಸರಿಹೋಗುತ್ತದೆ, ರಕ್ತನಾಳಕ್ಕೆ ಒಂದೇ ಸಲ ಕೊಡುವ ಮತ್ತಿನ ಔಷಧಿಯಲ್ಲಿ ಹಾಗೆ ಸರಿಹೋಗಲು ಸಮಯವಿಲ್ಲ. ಹಾಗಾಗಿ ಮತ್ತಿನ ಇಂಜೆಕ್ಷನ್ ತುಸು ತುಸುವಾಗಿ, ಪ್ರಾಣಿಯ ಉಸಿರು ನೋಡುತ್ತ ಹೋಗಲಿ.

ಕ್ಲೋಸಾಂಟೆಲ್ ಬಗ್ಗೆ ಎಚ್ಚರಿಕೆ ಹೇಳಲೇಬೇಕು. ಬಾಯಿಂದ ಕೊಡುವ ಡೋಸ್ ಕೆ.ಜಿ.ಗೆ 10 ಮಿ.ಗ್ರಾಂ, ಅದನ್ನು ಮೀರಿ ಹೆಚ್ಚು ಕೊಟ್ಟರೆ ಕುರಿ ಮೇಕೆ ಕುರುಡಾಗಬಹುದು, ಆ ಕುರುಡು ವಾಸಿಯಾಗುವುದು ಅಪರೂಪ. ಕುರಿಯಲ್ಲಿ ಅದರ ಅರ್ಧಾಯುಷ್ಯ, ಅಂದರೆ ರಕ್ತದಲ್ಲಿನ ಮಟ್ಟ ಅರ್ಧಕ್ಕಿಳಿಯಲು ಬೇಕಾದ ಸಮಯ, ಸುಮಾರು ಎರಡು ವಾರ, ಹಾಗಾಗಿ ವಾರ ಬಿಟ್ಟು ಮತ್ತೆ ಕುಡಿಸಿದರೆ ಹಳೆಯದರ ಮೇಲೆ ಹೊಸದು ಕೂಡುತ್ತದೆ. ಸೊರಗಿದ, ಗದ್ದ ಊದಿದ ಮರಿಗಳನ್ನು ಹಿಂಡಿನಿಂದ ಬೇರ್ಪಡಿಸಿ, ಒಂದೊಂದನ್ನೇ ತೂಗಿ ಕುಡಿಸಿ. ಹಿಂಡಿನ ದೊಡ್ಡ ಟಗರಿನ ಅಳತೆಯನ್ನೇ ಎಲ್ಲಕ್ಕೂ ಹಾಕುವುದರಿಂದಲೇ ಅನಾಹುತವಾಗುವುದು.

ಯಕೃತ್ತು ಕೆಟ್ಟಿದೆ ಎಂದು ಹೇಳುವ ನಿಖರ ಅಳತೆ ಮೂತ್ರಪಿಂಡಕ್ಕಿರುವಂತೆ ಇಲ್ಲ. ಎನ್‌ಜೈಮ್ ಏರಿಕೆ ಪೆಟ್ಟಾಗಿದೆ ಎಂದು ಹೇಳುತ್ತದೆಯೇ ಹೊರತು ಎಷ್ಟು ಕೆಲಸ ಉಳಿದಿದೆ ಎಂದಲ್ಲ. ಕಾಮಾಲೆ, ಇಳಿದ ಆಲ್ಬುಮಿನ್, ಹೆಪ್ಪುಗಟ್ಟಲು ತಡ ಮಾಡುವ ರಕ್ತ ಮೂರೂ ಸೇರಿದಾಗ ಮೆಟ್ರೊನಿಡಜೋಲ್, ಡಯಜೆಪಾಮ್, ಕೆಟಮೈನ್‌ಗಳು ಹೆಚ್ಚು ಹೊತ್ತು ಉಳಿಯುತ್ತವೆ ಎಂದೇ ನಡೆದುಕೊಳ್ಳಿ. ಜೋರು ಜ್ವರ, ನಂಜಿನಲ್ಲೂ ಯಕೃತ್ತಿನ ಎನ್‌ಜೈಮ್‌ಗಳ ಕೆಲಸ ಕುಗ್ಗುತ್ತದೆ.

ಕೆಚ್ಚಲು ಬಾವು, ಮತ್ತು ಕ್ಯಾಲ್ಸಿಯಂ ಬಾಟಲಿ

ಒಳ್ಳೆಯ ಹಾಲಿನ ಪಿಎಚ್ 6.5ರಿಂದ 6.7, ರಕ್ತದ್ದು 7.4. ಟೈಲೋಸಿನ್, ಎರಿತ್ರೋಮೈಸಿನ್‌ನಂಥ ದುರ್ಬಲ ಪ್ರತ್ಯಾಮ್ಲದ ಆಂಟಿಬಯಾಟಿಕ್‌ಗಳು ರಕ್ತದಿಂದ ಹಾಲಿಗೆ ಬಂದು, ಅಲ್ಲಿನ ಹುಳಿಯಲ್ಲಿ ಅಯಾನಾಗಿ ಸಿಕ್ಕಿಬೀಳುತ್ತವೆ. ಹೀಗೆ ಹಾಲಿನಲ್ಲಿ ಅವುಗಳ ಮಟ್ಟ ರಕ್ತಕ್ಕಿಂತ ಹೆಚ್ಚಾಗುತ್ತದೆ. ಬಾವು ಬಂದಾಗ ಹಾಲಿನ ಪಿಎಚ್ 7 ದಾಟಿ ರಕ್ತದ ಹತ್ತಿರ ಹೋಗುತ್ತದೆ, ಈ ಅನುಕೂಲ ಕರಗುತ್ತದೆ. ಆರೋಗ್ಯವಾದ ಕೆಚ್ಚಲಿಗೆ ಸರಿಯಾಗಿ ನುಗ್ಗದ ಪೆನಿಸಿಲಿನ್‌ಗೆ ಮಾತ್ರ ಬಾವಿನಲ್ಲಿ ದಾರಿ ತುಸು ಸುಲಭ. ಹಾಗಾಗಿ ಹಾಲಿನ ಕಲ್ಚರ್ ವರದಿಯಲ್ಲಿ ಔಷಧಿ ನಾಟುತ್ತದೆ ಎಂದಿದ್ದ ಮಾತ್ರಕ್ಕೆ ಅದು ಕೆಚ್ಚಲಿಗೆ ತಲುಪುತ್ತದೆ ಎಂದಲ್ಲ.

ಕೆಚ್ಚಲು ಕಲ್ಲಿನಂತೆ ಗಟ್ಟಿಯಾಗಿ, ಹಾಲಿನ ಗೆಡ್ಡೆಗಳು ನಾಳ ಮುಚ್ಚಿದಾಗ ಮೊಲೆಯೊಳಗೆ ಏರಿಸಿದ ಟ್ಯೂಬ್ ಮೊಲೆಯಲ್ಲೇ ಉಳಿಯುತ್ತದೆ. ಮೊದಲು ಪೂರ್ತಿ ಹಿಂಡಿ ತೆಗೆಯಬೇಕು. ಹಿಂಡಲು ಬರದಷ್ಟು ಊದಿದ್ದರೆ ಟ್ಯೂಬ್ ಒಂದನ್ನೇ ನೆಚ್ಚದೆ ರಕ್ತದ ಮೂಲಕವೂ ಔಷಧಿ ಕೊಡಬೇಕು.

ಇನ್ನು ಕ್ಯಾಲ್ಸಿಯಂ. ಕರು ಹಾಕಿದ ಎರಡನೇ ದಿನ ಹಸು ಮಲಗಿ ಏಳದಿದ್ದರೆ ಹಾಲು ಜ್ವರವೆಂದು (ರಕ್ತದ ಕ್ಯಾಲ್ಸಿಯಂ ಇಳಿಯುವ ಕಾಯಿಲೆ) 450 ಮಿ.ಲೀ. ಕ್ಯಾಲ್ಸಿಯಂ ಬೋರೋಗ್ಲುಕೊನೇಟ್ ಏರಿಸುವುದು ರೂಢಿ. ಸಾದಾ ಹಾಲು ಜ್ವರದಲ್ಲಿ ಅದು ಸರಿ: ಮೈಬಿಸಿಗೆ ತಂದು, 15 ನಿಮಿಷಕ್ಕೆ ಕಡಿಮೆಯಾಗದಂತೆ, ಎದೆಯ ಮೇಲೆ ಸ್ಟೆಥಸ್ಕೋಪ್ ಇಟ್ಟುಕೊಂಡೇ. ಆದರೆ ಮಲಗಿದ ಹಸುವಿನ ಮೈ ಸುಡುತ್ತಿದ್ದರೆ, ಕೆಚ್ಚಲಿನಿಂದ ನೀರು ನೀರಾದ ಹಾಲು ಬರುತ್ತಿದ್ದರೆ, ಗರ್ಭಕೋಶದ ಸ್ರಾವ ಕೊಳೆತು ನಾರುತ್ತಿದ್ದರೆ ಅದು ನಂಜು. ನಂಜೇರಿದ ಹೃದಯ ಅದೇ ಬಾಟಲಿಗೆ ಲಯ ತಪ್ಪಿ ನಿಲ್ಲಬಹುದು. ಅಲ್ಲಿ ಮೊದಲು ದ್ರವ. ಕ್ಯಾಲ್ಸಿಯಂ ಬೇಕೇ ಬೇಕೆಂದರೆ ಹಲವು ಲೀಟರ್ ನಾರ್ಮಲ್ ಸಲೈನ್‌ನಲ್ಲಿ ಬೆರೆಸಿ ನಿಧಾನವಾಗಿ ಹನಿಸಿ. ಬಡಿತ ಇದ್ದಕ್ಕಿದ್ದಂತೆ ನಿಧಾನಿಸಿದರೆ, ಒಂದು ಬಡಿತ ತಪ್ಪಿದಂತೆ ಕೇಳಿದರೆ ಬಾಟಲಿಯನ್ನು ಕೆಳಗಿಳಿಸಿ, ನಳಿಕೆ ಮಡಚಿ ಹಿಡಿಯಿರಿ. ಚರ್ಮದಡಿಗೆ ಕೊಡುವುದಾದರೆ ಡೆಕ್ಸ್‌ಟ್ರೋಸ್ ಬೆರೆತ ಬಾಟಲಿ ಬೇಡ, ಅದು ಕೀವುಗಟ್ಟುತ್ತದೆ. ಬೈಕಾರ್ಬೊನೇಟ್‌ನೊಂದಿಗೆ ಒಂದೇ ಬಾಟಲಿಯಲ್ಲಿ ಬೆರೆಸಿದರೆ ಬಿಳಿಯಾಗಿ ಒಡೆಯುತ್ತದೆ. ಆಕ್ಸಿಟೆಟ್ರಾಸೈಕ್ಲಿನ್ ಜೊತೆಗೂ ಬೆರೆಸುವಂತಿಲ್ಲ, ಅದು ಕ್ಯಾಲ್ಸಿಯಂ ಅನ್ನು ಹಿಡಿದು ತಾನೂ ನಿಷ್ಪ್ರಯೋಜಕವಾಗುತ್ತದೆ. ಕ್ಯಾಲ್ಸಿಯಂ ಇಳಿದ ಹಸುವಿಗೆ ಆಕ್ಸಿಟೆಟ್ರಾಸೈಕ್ಲಿನ್ ಅನ್ನು ರಕ್ತನಾಳಕ್ಕೆ ಜೋರಾಗಿ ಒತ್ತಿದರೆ ಅಲ್ಲೇ ಕುಸಿದು ಬೀಳಬಹುದು.

ಬಹಳ ಹೊತ್ತು ಒಂದೇ ಮಗ್ಗುಲಲ್ಲಿ ಮಲಗಿದ ಹಸುವಿನ ಕೆಳಗಿನ ತೊಡೆಗೆ ಚುಚ್ಚಬೇಡಿ. ನಜ್ಜಿದ ಮಾಂಸಖಂಡದಲ್ಲಿ ರಕ್ತ ಓಡುವುದಿಲ್ಲ, ಕುತ್ತಿಗೆಗೆ ಕೊಡಿ.

ಸೋಂಕು ಎಲ್ಲಿದೆ ಎಂಬುದೂ ಲೆಕ್ಕ ಬದಲಿಸುತ್ತದೆ

ಕೀವಿನ ಗಂಟಿನೊಳಗೆ ಹುಳಿಯಿದೆ, ಆಮ್ಲಜನಕವಿಲ್ಲ, ಸತ್ತ ಜೀವಕೋಶಗಳ ರಾಶಿಯಿದೆ. ಜೆಂಟಾಮೈಸಿನ್ ಅಲ್ಲಿ ಮಂಕಾಗುತ್ತದೆ, ಸಲ್ಫಾಕ್ಕೆ ಕೀವೇ ಎದುರಾಳಿ. ಕೊಯ್ದು ಕೀವು ತೆಗೆಯದೆ ಆಂಟಿಬಯಾಟಿಕ್ ಬದಲಿಸುತ್ತ ಹೋಗಬೇಡಿ.

ಹೊಕ್ಕುಳಿನ ನಂಜು ಮಿದುಳಿಗೇರಿದ ಕರುವಿನದು ಬೇರೆ ವಿಷಯ. ಮಿದುಳಿನ ಪೊರೆ ಉರಿಯುವಾಗ ಅದರ ತಡೆಗೋಡೆ ಸಡಿಲಾಗಿ ಪೆನಿಸಿಲಿನ್ ಒಳಗೆ ಹೋಗುತ್ತದೆ. ಮೂರನೇ ದಿನ ಕರು ಎದ್ದು ಹಾಲು ಕುಡಿಯಿತೆಂದು ಡೋಸ್ ಇಳಿಸಿದರೆ ರೋಗ ತಿರುಗಿ ಬರುತ್ತದೆ. ಉರಿ ಇಳಿದಂತೆ ಗೋಡೆ ಮತ್ತೆ ಬಿಗಿಯಾಗಿ, ಒಳಹೋಗುವ ಔಷಧಿಯೇ ಕಡಿಮೆಯಾಗಿರುತ್ತದೆ. ಗುಣ ಕಂಡ ಮೇಲೂ ಪೂರ್ತಿ ಡೋಸೇ ನಡೆಯಲಿ.

ಕ್ಸೈಲಜೀನ್

ದನ, ಮೇಕೆಗಳಿಗೆ ಈ ಮತ್ತಿನ ಔಷಧಿ ಕುದುರೆಗಿಂತ ಸುಮಾರು ಹತ್ತು ಪಟ್ಟು ಹೆಚ್ಚು ನಾಟುತ್ತದೆ. 20 ಕೆ.ಜಿ.ಯ ಮೇಕೆಗೆ ಕೆ.ಜಿ.ಗೆ 0.05 ಮಿ.ಗ್ರಾಂ ಎಂದರೆ ಒಟ್ಟು 1 ಮಿ.ಗ್ರಾಂ. ಮಿ.ಲೀ.ಗೆ 20 ಮಿ.ಗ್ರಾಂ ಇರುವ ಬಾಟಲಿಯಿಂದ ಅದು 0.05 ಮಿ.ಲೀ., 5 ಮಿ.ಲೀ. ಸಿರಿಂಜಿನಲ್ಲಿ ಅಳೆಯಲಾಗದು. 1 ಮಿ.ಲೀ. ಔಷಧಿಗೆ 9 ಮಿ.ಲೀ. ಸಲೈನ್ ಸೇರಿಸಿ, ಆಗ ಬೇಕಾದ್ದು 0.5 ಮಿ.ಲೀ.

ಮೂತ್ರ ಕಟ್ಟಿದ ಹೋತಕ್ಕೆ ಇದನ್ನು ಕೊಡಲೇಬಾರದು. ಕ್ಸೈಲಜೀನ್ ಮೂತ್ರದ ಉತ್ಪತ್ತಿ ಹೆಚ್ಚಿಸುತ್ತದೆ, ಕಲ್ಲು ಅಡ್ಡ ಕೂತಿದ್ದರೆ ಮೂತ್ರಕೋಶ ಒಡೆಯಬಹುದು. ಕೊನೆಯ ತಿಂಗಳ ಗಬ್ಬದಲ್ಲಿ ಗರ್ಭಕೋಶ ಸಂಕುಚಿಸುತ್ತದೆ. ಉಸಿರಾಟದ ರೋಗವಿರುವ ಕುರಿಯಲ್ಲಿ ಶ್ವಾಸಕೋಶಕ್ಕೆ ನೀರು ತುಂಬುವ ಅಪಾಯವಿದೆ.

ಗಬ್ಬದ ವಿಷಯ ಬಂದಾಗ ಇನ್ನೆರಡು: ಹಸು ಗಬ್ಬ ಕಟ್ಟಿದ ಮೊದಲ 45 ದಿನ ಹುಳುವಿನ ಔಷಧಿ ಆಲ್ಬೆಂಡಜೋಲ್ ಬೇಡ, ಗಬ್ಬದ ಕೊನೆಯ ಭಾಗದಲ್ಲಿ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಕರುವನ್ನು ಅವಧಿಗೆ ಮೊದಲೇ ಹೊರತರುತ್ತದೆ.

ನಾಯಿ, ಬೆಕ್ಕು

ಮುಧೋಳ ನಾಯಿ ಗ್ರೇಹೌಂಡ್‌ನಂತೆ ಕೊಬ್ಬಿಲ್ಲದ ಓಟದ ನಾಯಿ. ಗ್ರೇಹೌಂಡ್‌ಗಳಲ್ಲಿ ಥಯೋಪೆಂಟೋನ್‌ನ ಮತ್ತು ಇಳಿಯಲು ಬಹಳ ಹೊತ್ತು ಬೇಕು, ಇವುಗಳಲ್ಲೂ ಅದನ್ನು ಬಿಟ್ಟು ಬೇರೆ ಆರಿಸುವುದೇ ಜಾಣತನ. ಕೋಲಿ ಜಾತಿಯ ನಾಯಿಗಳಲ್ಲಿ ಐವರ್ಮೆಕ್ಟಿನ್ ಅನ್ನು ಮಿದುಳಿನಿಂದ ಹೊರದೂಡುವ ಪ್ರೋಟೀನ್ ಕೆಟ್ಟಿರಬಹುದು. ಕಜ್ಜಿಗೆ ಕೊಡುವ ಡೋಸ್ ಅಂಥ ನಾಯಿಯನ್ನು ಕೋಮಾಕ್ಕೆ ದೂಡುತ್ತದೆ. ಬೆಕ್ಕಿಗೆ ಪ್ಯಾರಾಸಿಟಮಾಲ್ ಒಂದು ಚೂರೂ ಬೇಡ, ಅದನ್ನು ಕಳೆಯುವ ಗ್ಲುಕುರೊನೈಡ್ ದಾರಿ ಬೆಕ್ಕಿನ ಯಕೃತ್ತಿನಲ್ಲಿ ತೀರಾ ದುರ್ಬಲ. ಎನ್ರೊಫ್ಲಾಕ್ಸಸಿನ್ ಎಂಬ ಆಂಟಿಬಯಾಟಿಕ್ ಬೆಕ್ಕಿಗೆ ದಿನಕ್ಕೆ ಕೆ.ಜಿ.ಗೆ 5 ಮಿ.ಗ್ರಾಂ ಮೀರಿದರೆ ಕಣ್ಣು ಹೋಗಬಹುದು, ಮೂತ್ರಪಿಂಡ ಸೋತ ಬೆಕ್ಕಿನಲ್ಲಿ ಈ ಅಪಾಯ ಇನ್ನೂ ಹೆಚ್ಚು.

ಹಾಲು ಡೈರಿಗೆ ಯಾವಾಗ, ಹೆಣ ಎಲ್ಲಿಗೆ

ಲೇಬಲ್ ಮೇಲಿನ ಹಾಲು ತಡೆ ಅವಧಿಯೂ ಆರೋಗ್ಯವಂತ ಹಸುವಿನದೇ. ಬಾವಿರುವ ಕೆಚ್ಚಲು, ಸೋತ ಮೂತ್ರಪಿಂಡ, ಡೋಸ್ ಹೆಚ್ಚಿಸಿದ್ದು, ದಾರಿ ಬದಲಿಸಿದ್ದು ಯಾವುದಾದರೂ ಇದ್ದರೆ ಅವಧಿ ಮುಗಿದ ಮೇಲೂ ಆಂಟಿಬಯಾಟಿಕ್ ಶೇಷದ ಪರೀಕ್ಷೆ ಮಾಡಿಸಿಯೇ ಹಾಲು ಹಾಕಿ. ಚೀಟಿಯಲ್ಲಿ ಔಷಧಿ, ಮಿ.ಗ್ರಾಂ, ದಾರಿ, ಸಮಯ, ಆ ಹೊತ್ತಿನ ತೂಕ, ನಿರ್ಜಲೀಕರಣದ ಶೇಕಡಾವಾರು ಎಲ್ಲ ಬರೆಯಿರಿ. ಮರುದಿನ ರಾಸು ನೀರು ಕುಡಿದು ಎದ್ದು ನಿಂತಿದ್ದರೆ ಅದರ ಮೈ ಮತ್ತೆ ಬದಲಾಗಿದೆ, ಹಿಂದಿನ ದಿನದ ಅಂತರ, ದಾರಿಯನ್ನು ಹಾಗೇ ಮುಂದುವರಿಸದೆ ಹೊಸದಾಗಿ ಲೆಕ್ಕ ಹಾಕಿ.

ಉಳಿಯದ ರಾಸಿನ ವಿಷಯದಲ್ಲೂ ಔಷಧಿ ಮುಗಿದಿರುವುದಿಲ್ಲ. ಸಾಯುವ ಮುಂಚೆ ಮೂತ್ರಪಿಂಡ ನಿಂತಿದ್ದರಿಂದ ಕೊನೆಯ ಇಂಜೆಕ್ಷನ್ ಮೈಯಲ್ಲೇ ಉಳಿದಿರುತ್ತದೆ. ರಣಹದ್ದುಗಳನ್ನು ಅಳಿವಿನಂಚಿಗೆ ತಂದದ್ದು ಹೆಣದಲ್ಲಿ ಉಳಿದ ಡೈಕ್ಲೋಫಿನಾಕ್ ಎಂಬ ನೋವು ನಿವಾರಕ. ಭಾರತದಲ್ಲಿ ಅದರ ಪಶು ಬಳಕೆ 2006ರಲ್ಲೇ ನಿಷೇಧವಾಯಿತು. 2023ರಲ್ಲಿ ಅಸಿಕ್ಲೋಫಿನಾಕ್, ಕೀಟೊಪ್ರೊಫೆನ್, ಆಮೇಲೆ ನಿಮೆಸುಲೈಡ್ ಕೂಡ ಆ ಪಟ್ಟಿಗೆ ಸೇರಿದವು. ರಾಮನಗರದ ರಾಮದೇವರ ಬೆಟ್ಟದಲ್ಲಿ ಉದ್ದಕೊಕ್ಕಿನ ರಣಹದ್ದುಗಳಿಗೆಂದೇ ಧಾಮವಿದೆ. ಮನುಷ್ಯರ ಡೈಕ್ಲೋಫಿನಾಕ್ ಬಾಟಲಿಯನ್ನು ದನಕ್ಕೆ ಬಳಸುವ ಅಭ್ಯಾಸ ಎಲ್ಲೇ ಉಳಿದಿದ್ದರೂ ನಿಲ್ಲಬೇಕು, ರಣಹದ್ದಿಗೆ ತೊಂದರೆ ಕೊಡದ ಮೆಲಾಕ್ಸಿಕ್ಯಾಮ್ ಇದ್ದೇ ಇದೆ. ಮತ್ತಿನ ಔಷಧಿಯೋ, ಯಾವುದೇ ನೋವು ನಿವಾರಕವೋ ಪಡೆದು ಸತ್ತ ರಾಸನ್ನು ಬಯಲಿಗೆಸೆಯದೆ, ನಾಯಿಗಳು ಕೆದಕಲಾಗದಷ್ಟು ಆಳಕ್ಕೆ, ಬಾವಿ ಕೆರೆಗಳಿಂದ ದೂರದಲ್ಲಿ ಸುಣ್ಣ ಹಾಕಿ ಹೂಳಿ.